ಸುತ್ತ ಕೂತವರ ಲೆಕ್ಕ

ಜೂನ್ ೮, ಭಾನುವಾರ

ಮಗಳೇ,

ಪತ್ರದ ಗಂಟೆ ಈಗಷ್ಟೇ ಶುರುವಾಗಿದೆ. ಊಟದ ಮೇಜುಗಳನ್ನು ಒರೆಸಿಸಿ, ಎಲ್ಲರ ಕೈಗೂ ಎರಡೆರಡು ಹಾಳೆ ಕೊಟ್ಟು ಕೂರಿಸಿದ್ದೇನೆ. ನಾನು ಬರೆಯದಿದ್ದರೆ ಇವರು ಪೆನ್ನು ಕಚ್ಚಿಕೊಂಡು ಕಿಟಕಿ ನೋಡುತ್ತಾರೆ. ನೀನೂ ಇದೇ ಮೇಜಿನಲ್ಲಿ ಪೆನ್ನು ಕಚ್ಚಿದವಳೇ. ಆಗ ನಿನಗೆ ಬರೆಯಲು ಬೇರೆ ಯಾರೂ ಇರಲಿಲ್ಲ, ಪತ್ರ ಪಡೆಯಬೇಕಾದ ನಾನು ಎದುರಿಗೇ ಕೂತಿದ್ದೆ. ಆದರೂ ಬರೆಸುತ್ತಿದ್ದೆ. ವಾರ್ಡನ್ ಮಗಳಿಗೆ ಒಂದು ನಿಯಮ, ಹಾಸ್ಟೆಲಿನ ಉಳಿದವರಿಗೆ ಒಂದು ನಿಯಮ ಅಂತ ಇರಬಾರದಲ್ಲ.

ಈ ವರ್ಷ ನಲವತ್ತಕ್ಕೂ ಮೇಲೆ ಹುಡುಗಿಯರು. ನನ್ನ ಸಹಾಯಕಿ ಕೆಲಸ ಬಿಟ್ಟು ಹೋದಳು, ಅವಳ ಜಾಗಕ್ಕೆ ಇನ್ನೂ ಯಾರನ್ನೂ ಕಳಿಸಿಲ್ಲ. ಬೆಳಿಗ್ಗೆ ಗಂಟೆ ಹೊಡೆಯುವುದರಿಂದ ಹಿಡಿದು ರಾತ್ರಿ ದೀಪ ಆರಿಸುವವರೆಗೆ ನಾನೇ. ಮಂಡಿ ಕೇಳುವುದಿಲ್ಲ. ಮೇಲಿನ ಮಹಡಿಗೆ ದಿನಕ್ಕೆ ಒಂದೇ ಸಲ ಹತ್ತುತ್ತೇನೆ, ಅದು ಅವರಿಗೆ ಗೊತ್ತಾಗಿಬಿಟ್ಟಿದೆ. ಹತ್ತಿ ಇಳಿದ ಮೇಲೆ ಶುರುವಾಗುತ್ತದೆ ಅವರ ಕುಣಿತ.

ಹೊಸಬಳೊಬ್ಬಳು ಬಂದಿದ್ದಾಳೆ. ಯಾವಾಗಲೂ ಮೂಲೆಯಲ್ಲಿ ಕೂರುತ್ತಾಳೆ, ಅದಕ್ಕೆ ಉಳಿದವರು ಅವಳಿಗೆ ಮೂಲೆ ಅಂತಲೇ ಹೆಸರಿಟ್ಟಿದ್ದಾರೆ. ಬೈದೆ, ಕೇಳಲಿಲ್ಲ. ನಿನ್ನೆ ಅವಳು ಮೊದಲ ಸಲ ಬಾಯಿ ಬಿಟ್ಟು, "ನಿಮ್ಮ ಮಗಳೂ ನಿಮ್ಮನ್ನ ದೊಡ್ಡಮ್ಮ ಅಂತಾನೇ ಕರೀತಾಳಾ?" ಅಂತ ಕೇಳಿದಳು. ಹೌದಮ್ಮ, ಇಲ್ಲಿ ಎಲ್ಲರಿಗೂ ನಾನು ದೊಡ್ಡಮ್ಮನೇ, ಅವಳಿಗೂ ಅಷ್ಟೇ ಅಂದೆ. ಅವಳಿಗೆ ಸಮಾಧಾನವಾಯಿತು.

ನಿನ್ನ ಹೋದ ಪತ್ರ ತೀರಾ ಚಿಕ್ಕದು ಅಂತ ಹುಡುಗಿಯರಲ್ಲೇ ಬಾಯಿ ಜೋರಿನ ನಮ್ಮ ಬಾಯಿಬಡಕಿಯ ದೂರು. ಪತ್ರ ಬಂದವರು ಗಟ್ಟಿಯಾಗಿ ಓದಬೇಕು, ಬಾರದವರು ಬೆಂಚಿನಲ್ಲಿ ಕೂತು ಕೇಳಬೇಕು, ಇದು ನೀನಿದ್ದಾಗಿನ ಪದ್ಧತಿಯೇ. ಆ ಬೆಂಚು ಈ ವರ್ಷ ತುಂಬಿ ಹೋಗಿದೆ, ಅವರಿಗೆಲ್ಲ ನಿನ್ನ ಪತ್ರವೇ ಗತಿ. ಯೀಸ್ಟ್ ಅಂದರೆ ಬ್ರೆಡ್ಡು ಉಬ್ಬಿಸುವುದು ತಾನೆ, ಅದನ್ನು ಓದೋಕೆ ಇಷ್ಟು ವರ್ಷ ಬೇಕಾ ಅಂತ ಅಡುಗೆಯವಳು ಕೇಳುತ್ತಿದ್ದಾಳೆ. ಇವರಿಗೆಲ್ಲ ತಿಳಿಯುವ ಹಾಗೆ ಬರೆದು ಕಳಿಸು.

ಇಂತಿ,
ದೊಡ್ಡಮ್ಮ


ಜೂನ್ ೧೯

ದೊಡ್ಡಮ್ಮನಿಗೂ, ಬೆಂಚಿನಲ್ಲಿ ಕೂತಿರುವ ಎಲ್ಲರಿಗೂ,

ಮೊದಲು ಅಡುಗೆಯವರ ಪ್ರಶ್ನೆ. ಹೌದು, ಬ್ರೆಡ್ಡು ಉಬ್ಬಿಸುವ ಯೀಸ್ಟೇ. ಅದರ ಒಂದೊಂದು ಕೋಶವೂ ಕಣ್ಣಿಗೆ ಕಾಣದಷ್ಟು ಸಣ್ಣದು. ಆ ಕೋಶದೊಳಗೆ ವರ್ಣತಂತು ಅಂತ ಉದ್ದನೆಯ ದಾರಗಳಿರುತ್ತವೆ. ಹೇಗೆ ತಿನ್ನಬೇಕು, ಹೇಗೆ ಬೆಳೆಯಬೇಕು ಅನ್ನುವುದೆಲ್ಲ ಆ ದಾರದಲ್ಲೇ ಬರೆದಿರುತ್ತದೆ. ಒಂದು ಕೋಶ ಎರಡಾಗುವಾಗ ದಾರವನ್ನೂ ನಕಲು ಮಾಡಿಕೊಳ್ಳಬೇಕು. ನಕಲು ಮಾಡುವಾಗಲೆಲ್ಲ ತುದಿಯಲ್ಲಿ ಒಂಚೂರು ಸವೆಯುತ್ತದೆ. ಬರೆದ ಭಾಗವೇ ಸವೆದು ಹೋಗದಿರಲಿ ಅಂತ ತುದಿಯಲ್ಲಿ ಹೆಚ್ಚುವರಿ ದಾರ ಇರುತ್ತದೆ. ಅದರ ಹೆಸರು ಟೆಲೊಮಿಯರ್. ನೀವು ತುದಿ ಅಂದರೆ ಸಾಕು.

ಸವೆದ ತುದಿಗೆ ಹೊಸ ದಾರ ಸೇರಿಸುವ ಕಿಣ್ವ ಒಂದಿದೆ. ಅದು ಸಿಕ್ಕಿದ್ದಕ್ಕೆಲ್ಲ ಸೇರಿಸುತ್ತಾ ಹೋದರೆ ಕೆಲವು ತುದಿಗಳು ಬಾಲದ ಹಾಗೆ ಬೆಳೆಯುತ್ತವೆ. ಸೇರಿಸದಿದ್ದರೆ ತುದಿ ಸವೆದು ಸವೆದು ಕೊನೆಗೆ ಕೋಶ ಎರಡಾಗುವುದನ್ನೇ ನಿಲ್ಲಿಸುತ್ತದೆ. ಹಾಗಾದರೆ ಯಾವ ತುದಿ ಗಿಡ್ಡವಾಗಿದೆ ಅಂತ ಅದಕ್ಕೆ ತಿಳಿಯುವುದು ಹೇಗೆ? ಕೋಶದ ಹತ್ತಿರ ಸ್ಕೇಲು ಇಲ್ಲವಲ್ಲ.

ಇಲ್ಲೇ ಮಜಾ ಇರುವುದು. ಪ್ರತಿ ತುದಿಯ ಮೇಲೂ ಕೆಲವು ಪ್ರೋಟೀನುಗಳು ಸಾಲಾಗಿ ಕೂರುತ್ತವೆ. ಉದ್ದದ ತುದಿಯಲ್ಲಿ ಜಾಗ ಜಾಸ್ತಿ, ಅಲ್ಲಿ ಹೆಚ್ಚು ಜನ. ಗಿಡ್ಡದರಲ್ಲಿ ಕಡಿಮೆ ಜನ. ಹೆಚ್ಚು ಜನ ಕೂತಿರುವ ಕಡೆ ಅವರೆಲ್ಲ ಸೇರಿ ಕಿಣ್ವವನ್ನು ಹತ್ತಿರ ಬಿಡುವುದಿಲ್ಲ. ಕಡಿಮೆ ಕೂತಿರುವ ಕಡೆಗೆ ಅದು ಬರುತ್ತದೆ. ಕೋಶ ಉದ್ದವನ್ನು ಅಳೆಯುವುದೇ ಇಲ್ಲ. ಕೂತವರ ಲೆಕ್ಕ ನೋಡುತ್ತದೆ, ಅಷ್ಟೇ.

ನನ್ನ ಕೆಲಸ ಏನೆಂದರೆ, ಆ ಕಿಣ್ವವೇ ಇಲ್ಲದ ಯೀಸ್ಟನ್ನು ಬೆಳೆಸುವುದು. ಪ್ಲೇಟಿನ ಮೇಲೆ ಯೀಸ್ಟು ಬಿಳಿ ಚುಕ್ಕೆಗಳಾಗಿ ಬೆಳೆಯುತ್ತದೆ. ಅದರಲ್ಲಿ ಒಂದು ಚುಕ್ಕೆಯನ್ನು ಕಡ್ಡಿಯ ತುದಿಯಿಂದ ತೆಗೆದು ಹೊಸ ಪ್ಲೇಟಿನ ಮೇಲೆ ಗೀರುತ್ತೇನೆ. ಅದು ಬೆಳೆದ ಮೇಲೆ ಮತ್ತೆ ಒಂದು ಚುಕ್ಕೆ, ಮತ್ತೆ ಹೊಸ ಪ್ಲೇಟು. ಹೀಗೆ ಮಾಡುತ್ತಾ ಹೋದರೆ ಕಿಣ್ವ ಇಲ್ಲದ ಯೀಸ್ಟು ಸೊರಗಿ ಸಾಯಬೇಕು. ಆದರೆ ಅದರಲ್ಲಿ ಇನ್ನೊಂದು ಜೀನನ್ನೂ ತೆಗೆದುಬಿಟ್ಟರೆ ಸಾಯುವುದಿಲ್ಲ ಅಂತ ನನಗೆ ಕಾಣಿಸುತ್ತಿದೆ. ಅದು ನಿಜವಾದರೆ ಹೊಸ ಸಂಗತಿ. ನಾಲ್ಕು ವರ್ಷದಿಂದ ಕಡ್ಡಿ ಹಿಡಿದು ಅದನ್ನೇ ಗೀರುತ್ತಿದ್ದೇನೆ. ಕೈ ಸೋತಿದೆ, ಕಣ್ಣೂ ಸೋತಿದೆ, ಆದರೆ ಕೊನೆ ಕಾಣುತ್ತಿದೆ.

ಬಾಯಿಬಡಕಿ, ಈ ಪತ್ರ ಸಾಕಷ್ಟು ಉದ್ದ ಇದೆಯಾ?

ಇಂತಿ,
ನಿಮ್ಮೆಲ್ಲರ ಅಕ್ಕ


ಜುಲೈ ೬, ಭಾನುವಾರ

ಮಗಳೇ,

ನಿನ್ನ ಪತ್ರವನ್ನು ಎರಡು ಭಾನುವಾರ ಓದಿಸಿಕೊಂಡರು. ಈಗ ಊಟಕ್ಕೆ ಕೂರುವಾಗ ಬಾಯಿಬಡಕಿ "ನಾವು ಪ್ರೋಟೀನು, ಕಿಣ್ವ ಬರ್ತಿದೆ, ಬಿಡಬೇಡ್ರೇ" ಅಂತ ನನಗೆ ದಾರಿ ಅಡ್ಡ ಕಟ್ಟುತ್ತಾಳೆ. ಮಂಡಿ ನೋವಿನಲ್ಲಿ ಅದೊಂದು ಬೇರೆ.

ಆದರೆ ಒಂದು ಮಾತು. ಇದನ್ನು ಕಂಡುಹಿಡಿಯುವುದಕ್ಕೆ ನಿಮ್ಮವರು ಅಷ್ಟೆಲ್ಲ ಒದ್ದಾಡಿದರಾ? ಊಟದ ಮನೆಗೆ ಕಾಲಿಟ್ಟ ತಕ್ಷಣ ನಾನೂ ಅದನ್ನೇ ನೋಡುವುದು. ನಲವತ್ತು ಮುಖ ನೋಡಿ ಯಾರಿಗೆ ಬೇಜಾರು, ಯಾರಿಗೆ ಮನೆ ನೆನಪು ಅಂತ ಕೇಳುತ್ತಾ ಹೋದರೆ ಊಟ ಆರಿ ಹೋಗುತ್ತದೆ. ಯಾರ ಸುತ್ತ ಎಷ್ಟು ಜನ ಕೂತಿದ್ದಾರೆ ಅಂತ ನೋಡುತ್ತೇನೆ. ಐದಾರು ಜನ ಇದ್ದರೆ ಆ ಮಗು ಸರಿಯಾಗಿದೆ, ಮುಂದೆ ಹೋಗುತ್ತೇನೆ. ಒಬ್ಬಳೇ ಇದ್ದರೆ ನನ್ನ ತಟ್ಟೆ ತಗೊಂಡು ಹೋಗಿ ಪಕ್ಕ ಕೂರುತ್ತೇನೆ. ಮಾತಾಡುವುದಿಲ್ಲ. ಮಾತಾಡಿಸಿದರೆ ಅಳುತ್ತವೆ. ಸುಮ್ಮನೆ ಊಟ ಮಾಡುತ್ತೇನೆ. ಮೂಲೆಯ ಪಕ್ಕ ಒಂದು ತಿಂಗಳಿಂದ ಹಾಗೇ ಕೂರುತ್ತಿದ್ದೇನೆ, ಈಗ ಅವಳು ನನಗೆ ಉಪ್ಪಿನ ಡಬ್ಬಿ ಸರಿಸುತ್ತಾಳೆ.

ನಿನ್ನ ಮೇಜಿನ ಚಿಂತೆ ಮಾತ್ರ ನನಗೆ ಯಾವತ್ತೂ ಇರಲಿಲ್ಲ. ಆರು ಜನರ ಬೆಂಚಿನಲ್ಲಿ ನಿನ್ನ ಸುತ್ತ ಎಂಟು ಜನ ತುರುಕಿಕೊಂಡು ಕೂರುತ್ತಿದ್ದರು. ನಿನ್ನಪ್ಪ ತೀರಿಹೋದ ವರ್ಷವೇ ನಾವಿಲ್ಲಿಗೆ ಬಂದದ್ದು, ಮಗು ಹೇಗೆ ಹೊಂದಿಕೊಳ್ಳುತ್ತದೋ ಅಂತ ಹೆದರಿದ್ದೆ. ಆ ಬೆಂಚು ನೋಡಿ ನನ್ನ ಜೀವಕ್ಕೆ ಹಾಯೆನಿಸಿತ್ತು.

ನಿನ್ನ ಊಟ, ನಿದ್ದೆ ಹೇಗಿದೆ ಅಂತ ನೀನು ಬರೆಯಲೇ ಇಲ್ಲ.

ಇಂತಿ,
ದೊಡ್ಡಮ್ಮ


ಜುಲೈ ೧೭

ದೊಡ್ಡಮ್ಮನಿಗೆ ಮತ್ತು ಎಲ್ಲರಿಗೂ,

ಊಟ, ನಿದ್ದೆ ಎರಡೂ ಆಗುತ್ತಿದೆ. ಒಳ್ಳೆಯ ಸುದ್ದಿ ಹೇಳುವುದಕ್ಕೆ ಈ ಪತ್ರ. ನನ್ನ ಗೈಡ್ ಪಿಎಚ್‌ಡಿ ಪ್ರಬಂಧಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಸೆಪ್ಟೆಂಬರಿನಲ್ಲಿ ಎಲ್ಲರೆದುರು ನಿಂತು ಮಾತಾಡಬೇಕು, ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅದಾದರೆ ಮುಗಿಯಿತು.

ಅದಕ್ಕೆ ಮುಂಚೆ ಒಂದು ಶಾಸ್ತ್ರ ಬಾಕಿ ಇದೆ. ಯಾರದ್ದೇ ಕೆಲಸವಾಗಲಿ, ಹೊರಗೆ ಹೋಗುವ ಮುಂಚೆ ಬೇರೆಯವರ ಕೈಯಲ್ಲಿ ಒಮ್ಮೆ ಮಾಡಿಸಿ ನೋಡುವುದು ನಮ್ಮ ಲ್ಯಾಬಿನ ಪದ್ಧತಿ. ನನ್ನದನ್ನು ಹೊಸದಾಗಿ ಸೇರಿದವಳಿಗೆ ಕೊಟ್ಟಿದ್ದಾರೆ. ಅವಳು ಎಲ್ಲದಕ್ಕೂ "ಯಾಕೆ?" ಅನ್ನುತ್ತಾಳೆ. ಪ್ಲೇಟು ಇಲ್ಲೇ ಯಾಕೆ ಇಡಬೇಕು, ಕಡ್ಡಿ ಹೀಗೇ ಯಾಕೆ ಹಿಡಿಯಬೇಕು. ನಾವೆಲ್ಲ ಅವಳನ್ನು ಯಾಕಮ್ಮ ಅಂತ ಕರೆಯುತ್ತೇವೆ.

ಸೆಪ್ಟೆಂಬರಿಗೆ ಎಲ್ಲರ ಮನೆಯವರೂ ಬಂದು ಮೊದಲ ಸಾಲಿನಲ್ಲಿ ಕೂರುತ್ತಾರೆ. ನೀವು ಬರುವುದಕ್ಕೆ ಆಗುತ್ತದಾ? ಒಂದೇ ದಿನ ಸಾಕು.

ಇಂತಿ,
ಅಕ್ಕ


ಆಗಸ್ಟ್ ೩, ಭಾನುವಾರ

ಮಗಳೇ,

ನಿನ್ನ ಸುದ್ದಿ ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಡುಗೆಯವಳು ಅಂದು ಎಲ್ಲರಿಗೂ ಒಂದೊಂದು ಮೊಟ್ಟೆ ಹೆಚ್ಚಿಗೆ ಕೊಟ್ಟಳು.

ಬರುವುದು ಮಾತ್ರ ಕಷ್ಟ. ಸಹಾಯಕಿ ಇನ್ನೂ ಬಂದಿಲ್ಲ. ಮೇಲಿನ ಮಹಡಿಯಲ್ಲಿ ಮೂವರಿಗೆ ಜ್ವರ. ನಲವತ್ತು ಮಕ್ಕಳನ್ನು ಯಾರ ಕೈಗೆ ಕೊಟ್ಟು ಬರಲಿ? ಮೂಲೆ ಈಗಷ್ಟೇ ಬಾಯಿ ಬಿಡುತ್ತಿದ್ದಾಳೆ, ಒಂದು ದಿನ ನಾನು ಕಾಣಿಸದಿದ್ದರೆ ಮತ್ತೆ ಮೊದಲಿನ ಹಾಗೇ ಆದಾಳು. ನಿನಗೇನು, ನಿನ್ನ ಗೈಡ್, ನಿನ್ನ ಯಾಕಮ್ಮ, ನಿನ್ನ ಸುತ್ತ ನಿನ್ನ ಜನ ಇದ್ದೇ ಇರುತ್ತಾರೆ. ನೀನು ಯಾವಾಗಲೂ ಗಟ್ಟಿ.

ಬೇಜಾರು ಮಾಡಿಕೊಳ್ಳಬೇಡ. ಆ ದಿನ ಏನೇನಾಯಿತು ಅಂತ ವಿವರವಾಗಿ ಬರೆ, ಎಲ್ಲರೂ ಸೇರಿ ಕೇಳುತ್ತೇವೆ.

ಇಂತಿ,
ದೊಡ್ಡಮ್ಮ


ಆಗಸ್ಟ್ ೨೪, ಭಾನುವಾರ

ಮಗಳೇ,

ಇವತ್ತೂ ನಿನ್ನ ಪತ್ರವಿಲ್ಲ. ಹೋದ ಭಾನುವಾರ ನಿನ್ನ ಹಳೆಯದನ್ನೇ ಓದಿ ಸುಧಾರಿಸಿದೆ, ಬಾಯಿಬಡಕಿ ಎರಡನೇ ಸಾಲಿಗೇ ಕಂಡುಹಿಡಿದಳು. ಕೆಲಸ ಜಾಸ್ತಿ ಇರಬಹುದು ಅಂದೆ. ಹಾಗೆಯೇ ಇರಲಿ ಅಂತ ಅಂದುಕೊಂಡಿದ್ದೇನೆ.

ನನಗೂ ಸಾಕಾಗಿದೆ. ಜ್ವರ ಮೂವರಿಂದ ಒಂಬತ್ತು ಜನಕ್ಕೆ ಹೋಗಿ ಈಗ ಇಳಿಯುತ್ತಿದೆ. ಕೂತಲ್ಲೇ ತೂಕಡಿಸುತ್ತೇನೆ. ಎರಡು ಸಾಲಾದರೂ ಬರೆ.

ಇಂತಿ,
ದೊಡ್ಡಮ್ಮ


ಆಗಸ್ಟ್ ೩೦

ಅಮ್ಮಾ,

ಈ ಪತ್ರವನ್ನು ಯಾರಿಗೂ ಓದಿ ಹೇಳಬೇಡ. ನಿನ್ನ ನಿಯಮ ನನಗೆ ಗೊತ್ತು. ಆದರೂ ಬೇಡ.

ನಾನು ಕಂಡುಕೊಂಡೆ ಅಂದುಕೊಂಡಿದ್ದು ಸುಳ್ಳು. ಪ್ರಬಂಧವನ್ನು ವಾಪಸ್ ತೆಗೆದುಕೊಂಡಿದ್ದೇನೆ. ಸೆಪ್ಟೆಂಬರಿನಲ್ಲಿ ಏನೂ ಇಲ್ಲ.

ಯಾಕಮ್ಮ ಎಲ್ಲ ಪ್ಲೇಟುಗಳ ಮೇಲಿನ ಹೆಸರು ಕಾಣದ ಹಾಗೆ ಟೇಪು ಅಂಟಿಸಿ ಕೆಲಸ ಮಾಡಿದಳು. ಯಾವುದು ಸಾಯಬೇಕಾದ ಯೀಸ್ಟು, ಯಾವುದು ನನ್ನ ಹೊಸ ಯೀಸ್ಟು ಅಂತ ಅವಳಿಗೇ ಗೊತ್ತಿರಲಿಲ್ಲ. ಕೊನೆಗೆ ಟೇಪು ಕಿತ್ತು ನೋಡಿದರೆ ಎರಡೂ ಒಂದೇ ಥರ ಸೊರಗಿದ್ದವು. ನಾನು ತೆಗೆದ ಆ ಇನ್ನೊಂದು ಜೀನಿನಿಂದ ಏನೂ ಆಗಿರಲಿಲ್ಲ. ಅವಳು ನನ್ನ ಪಕ್ಕ ಬಂದು ನಿಂತು, ಮೆತ್ತಗೆ, "ಅಕ್ಕ, ನೀವು ಯಾವ ಚುಕ್ಕೆ ಆರಿಸ್ತಿದ್ರಿ?" ಅಂತ ಕೇಳಿದಳು. ಅವಳು ಯಾಕೆ ಅಂತ ಕೇಳದೇ ಇದ್ದದ್ದು ಅದೊಂದೇ ಸಲ.

ನಾನು ಕಡ್ಡಿ ಹಿಡಿದು ಎರಡೂ ಯೀಸ್ಟಿನ ಪ್ಲೇಟುಗಳ ಮುಂದೆ ಕೂತೆ. ಕೈ ಎಲ್ಲಿಗೆ ಹೋಗುತ್ತದೆ ಅಂತ ನೋಡಿದೆ. ನನ್ನ ಯೀಸ್ಟಿನ ಪ್ಲೇಟಿನಲ್ಲಿ ಕೈ ತಾನಾಗಿ ದಪ್ಪನೆಯ, ದುಂಡಗಿನ ಚುಕ್ಕೆಗೆ ಹೋಯಿತು. ಸಾಯಬೇಕಾದ ಯೀಸ್ಟಿನ ಪ್ಲೇಟಿನಲ್ಲಿ ಯಾವುದಾದರೇನು ಅಂತ ಸಿಕ್ಕಿದ ಸಣ್ಣದಕ್ಕೆ ಹೋಯಿತು. ನಾಲ್ಕು ವರ್ಷ ಹೀಗೇ ಮಾಡಿದ್ದೇನೆ. ಕಿಣ್ವ ಇಲ್ಲದಿದ್ದರೂ ಎಲ್ಲೋ ಕೆಲವು ಕೋಶಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ನಕಲು ಮಾಡಿಕೊಂಡು ಹೇಗೋ ಬದುಕಿಕೊಳ್ಳುತ್ತವೆ. ಅವು ಚೆನ್ನಾಗಿ ಬೆಳೆಯುತ್ತವೆ, ದಪ್ಪ ಚುಕ್ಕೆಯಾಗುತ್ತವೆ. ಇದು ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ನನಗೂ ಗೊತ್ತಿತ್ತು. ಒಂದು ಕಡೆ ಬದುಕಿದವರನ್ನೇ ಆರಿಸಿ ಆರಿಸಿ, ನೋಡಿ ನನ್ನ ಯೀಸ್ಟು ಬದುಕಿದೆ ಅಂತ ಬರೆದಿದ್ದೆ.

ನಾನು ಮೋಸ ಮಾಡಲಿಲ್ಲ ಅಮ್ಮ. ಬೇರೆಯವರು ಏನಾದರೂ ಅಂದುಕೊಳ್ಳಲಿ, ನೀನು ನಂಬು. ಗೈಡ್ ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, "ಮತ್ತೆ ಶುರು ಮಾಡು, ಇನ್ನೇನ್ ಮಾಡೋದು" ಅಂದರು. ಅವರಿಗೂ ಸುಸ್ತಾಗಿದೆ. ನಾಲ್ಕು ವರ್ಷ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗಾಯಿತು. ಸೋಮವಾರದಿಂದ ಪ್ಲೇಟಿಗೆ ಟೇಪು ಅಂಟಿಸಿಕೊಂಡು ಮೊದಲಿನಿಂದ ಗೀರುತ್ತೇನೆ. ಗೀರುತ್ತೇನೆ ಅಂತ ಬರೆದೆ, ಆದರೆ ಎದ್ದು ಹೋಗುವ ಶಕ್ತಿ ಎಲ್ಲಿಂದ ಬರಬೇಕೋ ಗೊತ್ತಿಲ್ಲ. ಮೂರು ವಾರದಿಂದ ಕ್ಯಾಂಟೀನಿನಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದೇನೆ. ಯಾರಾದರೂ ಬಂದು ಕೂತರೆ ಏನಾದರೂ ಹೇಳಬೇಕಾಗುತ್ತದೆ, ಅದಕ್ಕೆ ಎಲ್ಲರೂ ಹೋದ ಮೇಲೆ ಹೋಗುತ್ತೇನೆ.

ಇನ್ನೊಂದು ವಿಷಯ. ಬರೆಯಬಾರದು ಅಂದುಕೊಂಡಿದ್ದೆ.

ನನ್ನ ಬೆಂಚಿನಲ್ಲಿ ಎಂಟು ಜನ ತುರುಕಿಕೊಂಡು ಕೂರುತ್ತಿದ್ದರು ಅಂತ ಬರೆದಿದ್ದೆಯಲ್ಲ, ಯಾಕೆ ಕೂರುತ್ತಿದ್ದರು ಗೊತ್ತಾ? ವಾರ್ಡನ್ ಮಗಳ ಮೇಜಿಗೆ ಬ್ರೆಡ್ಡು ಮೊದಲು ಬರುತ್ತಿತ್ತು. ಅವರು ಎದ್ದು ಹೋಗದಿರಲಿ ಅಂತ ನಾನೂ ನನ್ನ ಪಾಲಿನದನ್ನು ಹರಿದು ಕೊಡುತ್ತಿದ್ದೆ. ನೀನು ಮೂರು ಮೇಜಿನಾಚೆ ಯಾವಳೋ ಒಬ್ಬಳ ಪಕ್ಕ ಕೂತು, ಮಾತಾಡದೆ ಊಟ ಮಾಡುತ್ತಿದ್ದೆ. ನಾನು ಅವಳ ಬೆನ್ನನ್ನು ನೋಡುತ್ತಿದ್ದೆ. ಒಂದು ದಿನ ಬೇಕಂತಲೇ ಎಲ್ಲರ ಜೊತೆ ಜಗಳ ಆಡಿ ಒಬ್ಬಳೇ ಕೂತೆ, ಈಗ ನೀನು ಬರುತ್ತೀಯ ಅಂತ. ನೀನು ಬಂದೆ. "ವಾರ್ಡನ್ ಮಗಳೇ ಹೀಗೆ ಮಾಡಿದ್ರೆ ಉಳಿದವರಿಗೆ ನಾನು ಏನ್ ಹೇಳ್ಲಿ" ಅಂತ ಅವರನ್ನೆಲ್ಲ ಕರೆದು, ಮತ್ತೆ ನನ್ನ ಸುತ್ತ ಕೂರಿಸಿ ಹೋದೆ.

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಬುಡದಲ್ಲಿದ್ದವಳು ನಾನು. ಇದು ದೂರಲ್ಲ ಅಂತ ಬರೆಯೋಣ ಅಂದುಕೊಂಡೆ. ಆದರೆ ಇದು ದೂರೇ. ಎಷ್ಟೋ ವರ್ಷದಿಂದ ನಿನಗೆ ಬರೀ ಯೀಸ್ಟಿನ ವಿಷಯ ಬರೆಯುತ್ತಿದ್ದೇನೆ, ಯಾಕೆಂದರೆ ಅದನ್ನು ಬೆಂಚಿನವರೆಲ್ಲ ಕೇಳಬಹುದು. ಈ ಪತ್ರ ನಿನಗೊಬ್ಬಳಿಗೇ ಇರಲಿ. ಬೇರೆ ಏನೂ ಕೇಳುವುದಿಲ್ಲ.

ನಿನ್ನ ಮಗಳು


ಸೆಪ್ಟೆಂಬರ್ ೭, ಭಾನುವಾರ

ಮಗಳೇ,

ಪತ್ರದ ಗಂಟೆ ಮುಗಿದಿದೆ. ಇದನ್ನು ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಈ ಬಾಗಿಲು ಹಾಕಿ ಎಷ್ಟು ವರ್ಷವಾಗಿತ್ತೋ, ನೆಲಕ್ಕೆ ಉಜ್ಜಿಕೊಂಡು ನಿಂತೇಬಿಟ್ಟಿತು, ಭುಜ ಕೊಟ್ಟು ತಳ್ಳಬೇಕಾಯಿತು.

ನಿನ್ನ ಕವರು ಬಂದದ್ದನ್ನು ಬಾಯಿಬಡಕಿ ಗೇಟಿನಲ್ಲೇ ನೋಡಿದ್ದಳು. ಇವತ್ತು ಎಲ್ಲರೂ ಕೂತ ಮೇಲೆ, "ಅಕ್ಕಂದು ಬಂದಿದೆ, ಓದಿ" ಅಂತ ಶುರು ಮಾಡಿದರು. ಬಂದಿದೆ ಅಂದರೆ ಓದಬೇಕು. ದೊಡ್ಡಮ್ಮನಿಗೆ ಪತ್ರ ಬಂದಿಲ್ಲ ಅಂದೆ. ಅದು ಸುಳ್ಳೂ ಅಲ್ಲ. "ಹಾಗಾದ್ರೆ ಬೆಂಚಿಗೆ ಹೋಗಿ ಕೂತ್ಕೊಳ್ಳಿ, ನಿಯಮ ಅಂದ್ರೆ ನಿಯಮ" ಅಂದಳು ಬಾಯಿಬಡಕಿ. ಹೋಗಿ ಕೂತೆ. ಪತ್ರ ಬಾರದವರು ಸರಿದು ನಡುವೆ ಜಾಗ ಮಾಡಿಕೊಟ್ಟರು.

ಇವತ್ತು ಮೂಲೆಗೆ ಮೊದಲ ಪತ್ರ ಬಂದಿತ್ತು, ಅವಳ ಚಿಕ್ಕಮ್ಮನದು. ನಾಲ್ಕೇ ಸಾಲು. ಬೆಕ್ಕು ಮರಿ ಹಾಕಿದೆಯಂತೆ, ಇವಳ ಹಾಸಿಗೆಯನ್ನು ಬೇರೆ ಯಾರಿಗೂ ಕೊಟ್ಟಿಲ್ಲವಂತೆ. ಅವಳು ನಿಂತುಕೊಂಡು, ಬೇರೆ ಯಾರನ್ನೂ ನೋಡದೆ ನನ್ನ ಮುಖ ನೋಡಿಕೊಂಡೇ ಓದಿದಳು. ಓದಿ ಮುಗಿಸಿ, "ಇನ್ನೊಂದ್ಸಲ ಓದ್ಲಾ ದೊಡ್ಡಮ್ಮ? ನಿಮಗೆ ಬಂದಿಲ್ವಲ್ಲ" ಅಂದಳು. ಓದು ಅಂದೆ. ಆ ಬೆಂಚಿನಲ್ಲಿ ನಾನು ಕೂತದ್ದು ಇದೇ ಮೊದಲು. ಚೆನ್ನಾಗಿಲ್ಲ ಆ ಬೆಂಚು. ನಿನ್ನ ಕವರು ಸೆರಗಿನಲ್ಲಿತ್ತು, ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ನಿನ್ನ ಯೀಸ್ಟಿನ ವಿಷಯಕ್ಕೆ ನಾನು ಏನು ಹೇಳಲಿ, ನನಗೆ ತಿಳಿಯದು. ಮೋಸ ಮಾಡಲಿಲ್ಲ ಅಂದೆ. ಆ ಸಾಲನ್ನು ಓದುವ ಮುಂಚೆಯೇ ನಂಬಿದ್ದೆ.

ನೀನು ಬ್ರೆಡ್ಡು ಹರಿದು ಕೊಡುತ್ತಿದ್ದದ್ದನ್ನು ನಾನು ನೋಡುತ್ತಿದ್ದೆ. ದಿನಾ ನೋಡುತ್ತಿದ್ದೆ. ನನ್ನ ಮಗಳು ಹಂಚಿಕೊಂಡು ತಿನ್ನುವವಳು ಅಂತ ಅಡುಗೆಯವಳ ಹತ್ತಿರ ಹೇಳಿಕೊಂಡು ಮೆರೆದಿದ್ದೆ. ಈಗಲೂ ಕೆಲವೊಮ್ಮೆ ಹೇಳುತ್ತೇನೆ. ಈ ವಾರ ಹೇಳಲಿಲ್ಲ.

ಗುರುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಕೀಲಿಗೊಂಚಲನ್ನು ಅಡುಗೆಯವಳಿಗೆ ಕೊಡುತ್ತೇನೆ, ಅವಳಿಗೆ ಆಗಲೇ ಗತ್ತು ಬಂದಿದೆ. ಮೂಲೆಯ ಪಕ್ಕ ಬಾಯಿಬಡಕಿ ಕೂರುತ್ತಾಳೆ, ಮಾತಾಡಬಾರದು ಅಂತ ಆಣೆ ಹಾಕಿಸಿಕೊಂಡಿದ್ದೇನೆ, ಎಷ್ಟು ಹೊತ್ತು ತಡೆಯುತ್ತಾಳೋ ನೋಡಬೇಕು. ನಾನು ಇಲ್ಲದಿದ್ದರೆ ಇಲ್ಲಿ ಏನಾಗುತ್ತದೋ ಅಂತ ಹೆದರಿಕೆ ಇದ್ದೇ ಇದೆ. ಇರಲಿ.

ನಿಮ್ಮ ಲ್ಯಾಬು ತೋರಿಸಬೇಡ, ಗೈಡ್ ಹತ್ತಿರ ಕರೆದುಕೊಂಡು ಹೋಗಬೇಡ. ಮೆಟ್ಟಿಲು ನನ್ನ ಕೈಲಾಗುವುದಿಲ್ಲ. ನಿನ್ನ ಕ್ಯಾಂಟೀನಿಗೆ ಬರುತ್ತೇನೆ. ಎಷ್ಟು ಹೊತ್ತಿಗೆ ಹೋಗುತ್ತೀಯೋ ಅಷ್ಟು ಹೊತ್ತಿಗೇ ಹೋಗೋಣ. ಮಾತಾಡಬೇಕು ಅಂತೇನಿಲ್ಲ. ನನ್ನ ತಟ್ಟೆ ತಗೊಂಡು ನಿನ್ನ ಪಕ್ಕ ಕೂರುತ್ತೇನೆ. ಮೇಜಿನಲ್ಲಿ ಬೇರೆ ಯಾರನ್ನೂ ಕೂರಿಸಿಕೊಳ್ಳಬೇಡ.

ಅಮ್ಮ